ಕುದುರೆ ತಾನಾಗಿ ಕಾಲು ಕೊಡಬೇಕಾದರೆ

ನಮ್ಮ ಕರಾವಳಿಯವರಿಗೆ ಕುದುರೆ ಅಂದ್ರೆ ಪಣಂಬೂರು ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ಒಂದು ಸುತ್ತು ತಿರುಗಿಸುವ ಪ್ರಾಣಿ, ಅಷ್ಟೆ. ಲಾಳ ಅಂದ ಕೂಡಲೇ ನಮ್ಮ ಹಿರಿಯರಿಗೆ ನೆನಪಾಗುವುದು ಗಾಡಿ ಎತ್ತು. ಅದನ್ನು ಹಗ್ಗ ಹಾಕಿ ನೆಲಕ್ಕೆ ಕೆಡವಿ, ಕಾಲುಗಳನ್ನು ಒಟ್ಟಿಗೆ ಕಟ್ಟಿ ಲಾಳ ಹೊಡೆಯುತ್ತಿದ್ದರು. ಹಾಗಾಗಿ ಮೈಸೂರಿಗೆ ಹೋಗಿದ್ದಾಗ ಟಾಂಗಾ ಕುದುರೆಗೆ ಲಾಳ ಕಟ್ಟುವುದನ್ನು ಕಂಡು ನಿಂತ ನಾವು ಮೊದಲು ಹುಡುಕಿದ್ದು ಹಗ್ಗವನ್ನೇ. ಹಗ್ಗ ಇರಲಿಲ್ಲ. ಕುದುರೆ ಮೂರು ಕಾಲಲ್ಲಿ ಸುಮ್ಮನೆ ನಿಂತಿತ್ತು. ಟಾಂಗಾದ ಚಾಚಾ ಅದರ ಮುಂಗಾಲನ್ನು ಮಡಚಿ ಹಿಡಿದಿದ್ದರು. ನಾಲ್‌ಬಂದ್ ಕುಕ್ಕರಗಾಲಲ್ಲಿ ಕೂತು ಗೊರಸು ಕೆತ್ತುತ್ತಿದ್ದರು.

ನಾಲ್ ಅಂದರೆ ಲಾಳ, ಅದನ್ನು ಕಟ್ಟುವವರು ನಾಲ್‌ಬಂದ್. ಉತ್ತರ ಕರ್ನಾಟಕದ ಕಡೆ ನಾಲಬಂದ ಎಂಬ ಅಡ್ಡಹೆಸರಿನ ಮುಸ್ಲಿಂ ಕುಟುಂಬಗಳು ಈಗಲೂ ಉಂಟು. ಸೂರಃ ಅಲ್ ಆದಿಯಾತ್‌ನಲ್ಲಿ ಗೊರಸಿನಿಂದ ಕಿಡಿ ಹಾರಿಸುತ್ತಾ ಓಡುವ ಕುದುರೆಗಳ ಮಾತು ಬರುತ್ತದೆ. ಎಷ್ಟೋ ಸಲ ಓದಿದ್ದೇವೆ, ಆದರೆ ಆ ಗೊರಸನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಗೊರಸು ನಮ್ಮ ಉಗುರಿನ ಹಾಗೆ. ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳ ಇದ್ದ ಕಾಲಿನ ಗೊರಸು ಸವೆಯುವುದಿಲ್ಲ, ಉದ್ದವಾಗುತ್ತಾ ಹೋಗಿ ಕಾಲಿನ ಓರೆ ಕೆಡುತ್ತದೆ. ಅದಕ್ಕೇ ಐದಾರು ವಾರಕ್ಕೊಮ್ಮೆ ಲಾಳ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಬೇಕು. ಮೊಳೆ ಹೋಗಬೇಕಾದದ್ದು ಜೀವವಿಲ್ಲದ ಹೊರಗೋಡೆಯಲ್ಲಿ. ಹೊಡೆಯುವ ಹೊತ್ತಿಗೆ ಕುದುರೆ ಕಾಲು ಎಳೆದು, ಮೊಳೆ ಒಂಚೂರು ಒಳಕ್ಕೆ ತಿರುಗಿದರೆ ಮಾಂಸಕ್ಕೆ ತಾಗುತ್ತದೆ. ಕುದುರೆ ಕುಂಟುತ್ತದೆ, ಕೀವಾಗಬಹುದು. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವ ಕಾಯಿಲೆ. ಕುದುರೆ ಲಾಯದಲ್ಲಿ ನಿಂತರೆ ಟಾಂಗಾದವರ ಒಲೆಯೂ ನಿಂತಂತೆ. ನಾಲ್‌ಬಂದ್‌ಗೂ ಅಪಾಯ ಕಮ್ಮಿ ಏನಿಲ್ಲ. ಗೋಡೆಯಿಂದ ಹೊರಬಂದ ಮೊಳೆಯ ಚೂಪು ಮುರಿಯುವ ಮೊದಲು ಕುದುರೆ ಕೊಸರಿದರೆ ಅಂಗೈ ಸೀಳಿಹೋಗುತ್ತದೆ.

ಇಷ್ಟೆಲ್ಲ ಇರುವಾಗ ಕುದುರೆ ಸುಮ್ಮನೆ ನಿಲ್ಲುವುದು ಹೇಗೆ ಮಾರಾಯ್ರೆ? ಚಾಚಾನನ್ನು ಕೇಳಿದೆವು. ಅವರು ಪಕ್ಕದಲ್ಲಿ ಕಟ್ಟಿದ್ದ ಇನ್ನೊಂದು ಎಳೇ ಕುದುರೆಯನ್ನು ತೋರಿಸಿದರು. ಅದನ್ನು ಕೊಂಡು ಎರಡು ತಿಂಗಳಾಗಿತ್ತಷ್ಟೆ. ಹಿಂದಿನವರು ಅದರ ಮೂಗಿಗೆ ಹಗ್ಗ ಸುತ್ತಿ ಬಿಗಿದು ಲಾಳ ಕಟ್ಟಿಸುತ್ತಿದ್ದರಂತೆ. “ಬಿಗಿದ್ರೆ ಅವತ್ತಿನ ಕೆಲ್ಸ ಆಗುತ್ತೆ ಭಾಯ್. ಮುಂದಿನ ಸಲ ನಾಲ್‌ಬಂದ್ ಚೀಲ ಕಂಡ್ರೇನೇ ನಡುಗುತ್ತೆ.”

ಕುದುರೆ ಓಡಿ ಬದುಕುವ ಪ್ರಾಣಿ. ಕಾಲು ಹಿಡಿದರೆ ಅದಕ್ಕೆ ಓಟವನ್ನೇ ಕಿತ್ತುಕೊಂಡ ಹಾಗೆ. ಸಾಲದ್ದಕ್ಕೆ ಮೈಭಾರದ ಅರ್ಧಕ್ಕಿಂತ ಹೆಚ್ಚು ಮುಂಗಾಲುಗಳ ಮೇಲಿರುತ್ತದೆ, ಒಂದನ್ನು ಎತ್ತಿದರೆ ತೂಕ ತಪ್ಪುತ್ತದೆ. ಹಾಗಾಗಿ ಪಾಠ ಶುರುವಾಗುವುದು ಕಾಲಿನಿಂದಲ್ಲ, ಹೆಗಲಿನಿಂದ. ನೇರ ಹಿಂದಿನಿಂದ ಹೋಗಬಾರದು, ಅಲ್ಲಿ ಅದಕ್ಕೆ ಕಣ್ಣು ಕಾಣುವುದಿಲ್ಲ. ಹೆಗಲ ಬಳಿ ನಿಂತು, ಮಾತಾಡುತ್ತಾ, ಅಂಗೈಯನ್ನು ಕಾಲಿನುದ್ದಕ್ಕೂ ಕೆಳಗಿಳಿಸಬೇಕು. ಕೈ ಎಲ್ಲಿ ತಾಗಿದಾಗ ಅದು ಬೆಚ್ಚುತ್ತದೋ ಅಲ್ಲೇ ತಡೆದು, ಅದು ಸಡಿಲವಾದ ಮೇಲೆ ಕೈ ತೆಗೆಯಬೇಕು. ಮೊದಲ ಕೆಲವು ದಿನ ಇಷ್ಟೇ ಕೆಲಸ.

ಆಮೇಲೆ ಕಾಲೆತ್ತುವುದು. ಒಂದೇ ಕ್ಷಣ, ನೆಲದಿಂದ ನಾಲ್ಕು ಬೆರಳು. ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಕುದುರೆ ಕಾಲು ಎಳೆದಾಗ ನಾವು ಹೆದರಿ ಬಿಟ್ಟುಬಿಡುತ್ತೇವೆ. ಎಳೆದರೆ ಬಿಡುತ್ತಾರೆ ಅಂತ ಅದು ಕಲಿಯುತ್ತದೆ. ಅದು ಎಳೆಯುವ ಮೊದಲೇ, ಸುಮ್ಮನಿರುವಾಗಲೇ, ನಾವಾಗಿ ಕಾಲನ್ನು ಮೆಲ್ಲನೆ ನೆಲಕ್ಕಿಡಬೇಕು. ಎತ್ತಿಹಾಕಬಾರದು, ಇಡಬೇಕು. ಕೂಡಲೇ ಬೆಲ್ಲದ ಚೂರೋ ಒಂದು ಹಿಡಿ ನೆನೆಸಿದ ಹುರುಳಿಯೋ ಕೊಡಬೇಕು. ಐದು ನಿಮಿಷ ತಡವಾದರೆ ಅದು ಯಾವುದಕ್ಕೆ ಸಿಕ್ಕಿತು ಅಂತ ಕುದುರೆಗೆ ತಿಳಿಯುವುದಿಲ್ಲ. ಒಂದು ಕ್ಷಣ ಎರಡಾಗಿ, ಹತ್ತಾಗಿ, ಮುಂದೊಂದು ದಿನ ನಿಮಿಷಗಳಾಗುತ್ತದೆ. ದಿನಾ ಗೊರಸಿನ ತಳದ ಕೆಸರನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆದು ತೆಗೆಯುವ ಕೆಲಸವೇ ಅಭ್ಯಾಸವೂ ಆಗುತ್ತದೆ. ಗೊರಸನ್ನು ಕೈಯಿಂದ ಟಕ್ ಟಕ್ ತಟ್ಟಬೇಕು, ಸುತ್ತಿಗೆ ಬಂದ ದಿನ ಸದ್ದು ಹೊಸದಾಗಬಾರದು.

ಹಿಂಗಾಲಿಗೆ ಇನ್ನೂ ಹೆಚ್ಚು ದಿನ ಬೇಕು, ಒದೆ ಬರುವುದು ಅಲ್ಲಿಂದಲೇ. ಲಗಾಮು ಹಿಡಿದವರು ನಾಲ್‌ಬಂದ್ ಇರುವ ಬದಿಯಲ್ಲೇ ನಿಲ್ಲುವುದನ್ನೂ ಗಮನಿಸಿದೆವು. ಕುದುರೆ ಗಾಬರಿಯಾದರೆ ಅದರ ತಲೆಯನ್ನು ಈ ಕಡೆ ಎಳೆಯುತ್ತಾರೆ, ಹಿಂಭಾಗ ಆ ಕಡೆ ಸರಿದುಹೋಗುತ್ತದೆ.

ವಯಸ್ಸಾದ ಕುದುರೆ ಕಾಲು ಕೊಡದಿದ್ದರೆ ಹಟ ಅಂತ ಹೊಡೆಯುವವರಿದ್ದಾರೆ. ಅನೇಕ ಸಲ ಅದು ಗಂಟುನೋವು. ಅಂಥದಕ್ಕೆ ಕಾಲನ್ನು ಕೆಳಗೇ ಹಿಡಿದು, ನಡುನಡುವೆ ಇಳಿಸಿ ಕೆಲಸ ಮಾಡಬೇಕು, ಬೇಕಾದರೆ ಪಶುವೈದ್ಯರಿಗೆ ತೋರಿಸಬೇಕು. ನಮ್ಮ ಮನೆಯ ಅಜ್ಜಂದಿರನ್ನು ಚಕ್ಕಳಮಕ್ಕಳ ಹಾಕಿ ಕೂರಿ ಅಂದರೆ ಆಗ್ತದಾ?

ಅಷ್ಟರಲ್ಲಿ ಎಳೇ ಕುದುರೆಯ ಸರದಿ ಬಂತು. ಬಲ ಮುಂಗಾಲು ಕೊಟ್ಟಿತು. ಎಡ ಮುಂಗಾಲು ಕೊಡುವಾಗ ಒಮ್ಮೆ ಎಳೆಯಿತು. ಚಾಚಾ ಜಗಳಕ್ಕೆ ಹೋಗಲಿಲ್ಲ, ಕಾಲಿನ ಜೊತೆಗೇ ಕೈ ಆಡಿಸಿದರು, ಅದು ನಿಂತ ಮೇಲೆ ಇಳಿಸಿದರು. ಮತ್ತೆ ಎತ್ತಿದರು. ಎರಡೂ ಮುಗಿಯುವಾಗ ಅದರ ಕುತ್ತಿಗೆ ಬೆವರಿತ್ತು, ಬಾಲ ಬಿಗಿದುಕೊಂಡಿತ್ತು. ನಾಲ್‌ಬಂದ್ ಹಿಂಗಾಲಿನ ಕಡೆ ನೋಡಿ ಚಾಚಾನ ಮುಖ ನೋಡಿದರು. ಮರುದಿನ ರಜೆ, ಪ್ರವಾಸಿಗರು ಬರುವ ದಿನ, ಎರಡೂ ಕುದುರೆ ಇದ್ದರೆ ಎರಡು ಟಾಂಗಾ ಓಡುತ್ತಿತ್ತು. ಚಾಚಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಳೇ ಕುದುರೆಯ ಹಗ್ಗ ಬಿಚ್ಚುತ್ತಾ, ಹಿಂದಿನ ಎರಡಕ್ಕೆ ಮುಂದಿನ ವಾರ ಬನ್ನಿ ಅಂದರು.