ಸೀಸನ್ ಟಿಕೀಟಿನ ಬೆಲೆಯೂ ತವರು ಮೈದಾನದ ಪ್ರೇಕ್ಷಕರೂ

ಬೆಳಗಾವಿಯಿಂದ ಕೊಲ್ಲಾಪುರದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಹತ್ತರಗಿಯ ಟೋಲ್ ನಾಕಾ ಈ ಭಾಗದ ವಾಚಕರಿಗೆಲ್ಲ ಪರಿಚಿತವಾದದ್ದು. ಪ್ರತಿಸಾರಿಯೂ ಹಣ ತೆತ್ತು ಅದನ್ನು ದಾಟುವವರುಂಟು. ತಿಂಗಳ ಪಾಸು ಮಾಡಿಸಿಕೊಂಡವರೂ ಉಂಟು. 2008ರ ಹೆದ್ದಾರಿ ಶುಲ್ಕ ನಿಯಮಗಳ ಮೇರೆಗೆ ತಿಂಗಳೊಂದರಲ್ಲಿ 50 ಸಲ ದಾಟುವ ಪಾಸಿಗೆ ಬಿಡಿ ದರದ ಮೂರರಲ್ಲಿ ಎರಡು ಪಾಲನ್ನು ಮಾತ್ರ ಕೊಡಬೇಕಾಗುತ್ತದೆ. ಹೀಗೆ ಪಾಸು ಪಡೆದವನು ಮುಂದಿನ ಪ್ರಯಾಣಗಳ ಹಕ್ಕನ್ನು ಕೊಂಡಿರುತ್ತಾನೆ. ಅವನು ಐವತ್ತು ಸಲ ದಾಟಿದನೋ ಹತ್ತು ಸಲವೋ ಎಂಬುದು ಪಾಸು ಮಾರಿದ ಲೆಕ್ಕದಿಂದ ತಿಳಿಯುವಂತಿಲ್ಲ. ಕಾಲ್ಚೆಂಡಿನ ಕ್ಲಬ್ಬುಗಳು ಮಾರುವ ಸೀಸನ್ ಟಿಕೀಟಿನ ಸ್ವರೂಪವೂ ಇದೇ ಆಗಿದೆ. ಒಂದು ಋತುವಿನಲ್ಲಿ ತವರು ಮೈದಾನದಲ್ಲಿ ನಡೆಯುವ ಎಲ್ಲ ಪಂದ್ಯಗಳಿಗೂ ಸೇರಿ ಮೊದಲೇ ಒಂದು ಬೆಲೆ ಕೊಟ್ಟು ಆಸನವನ್ನು ಕಾದಿರಿಸಿಕೊಳ್ಳುವ ವ್ಯವಸ್ಥೆ ಅದು.

ಬೆಲೆ ಇಳಿಸಿದರೆ ಜನರು ಹೆಚ್ಚುವರು, ಏರಿಸಿದರೆ ಕಡಿಮೆಯಾಗುವರು ಎಂಬುದು ಸಾಮಾನ್ಯ ತಿಳುವಳಿಕೆ. ಇದು ಅರ್ಧ ನಿಜವೆಂದೇ ಹೇಳಬೇಕು. ಏಕೆಂದರೆ ‘ಜನರು’ ಎಂಬ ಒಂದೇ ಮಾತಿನಲ್ಲಿ ಇಲ್ಲಿ ಎರಡು ಲೆಕ್ಕಗಳು ಬೆರೆತಿವೆ. ಟಿಕೀಟು ಕೊಂಡವರ ಲೆಕ್ಕ ಬೇರೆ, ಬಾಗಿಲು ದಾಟಿ ಒಳಗೆ ಬಂದವರ ಲೆಕ್ಕ ಬೇರೆ. ಇಂಗ್ಲೆಂಡಿನ ಹಲವು ಕ್ಲಬ್ಬುಗಳು ಪ್ರಕಟಿಸುವ ಸಂಖ್ಯೆ ಮಾರಾಟದ್ದು. ಮನೆಯಲ್ಲೇ ಉಳಿದ ಸೀಸನ್ ಟಿಕೀಟಿನವನೂ ಅದರಲ್ಲಿ ‘ಹಾಜರು’ ಆಗಿರುತ್ತಾನೆ. ಇತಿಹಾಸದ ವಿದ್ಯಾರ್ಥಿಗೆ ಇದು ಹೊಸ ತೊಡಕೇನೂ ಅಲ್ಲ. ಕಂದಾಯದ ದಫ್ತರದಲ್ಲಿ ಬರೆದ ಬೆಳೆಯೂ ಹೊಲದಲ್ಲಿ ನಿಂತ ಬೆಳೆಯೂ ಒಂದೇ ಅಲ್ಲವೆಂಬುದನ್ನು ನಾವು ಬಲ್ಲೆವು.

ಈ ಅಂತರದ ಮೇಲೆ ಬೆಳಕು ಚೆಲ್ಲುವ ಒಂದು ಪ್ರಯೋಗ ನಾಟಕಶಾಲೆಯಲ್ಲಿ ನಡೆದದ್ದು ಸ್ವಾರಸ್ಯದ ಸಂಗತಿ. ಅಮೆರಿಕೆಯ ಓಹಾಯೊ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ವಿದ್ವಾಂಸರು ಸೀಸನ್ ಟಿಕೀಟು ಕೊಳ್ಳಲು ಬಂದ ಅರವತ್ತು ಜನರನ್ನು ಆಯ್ಕೆಯಿಲ್ಲದೆ ಮೂರು ಗುಂಪು ಮಾಡಿದರು. ಒಂದು ಗುಂಪು ಪೂರ್ಣ ಬೆಲೆಯಾದ 15 ಡಾಲರುಗಳನ್ನು ಕೊಟ್ಟಿತು. ಎರಡನೆಯದಕ್ಕೆ 2 ಡಾಲರುಗಳ, ಮೂರನೆಯದಕ್ಕೆ 7 ಡಾಲರುಗಳ ರಿಯಾಯಿತಿ ದೊರೆಯಿತು. ಋತುವಿನ ಮೊದಲರ್ಧದ ಐದು ನಾಟಕಗಳಿಗೆ ಪೂರ್ಣ ಬೆಲೆ ತೆತ್ತವರು ಸರಾಸರಿ 4.11 ಸಲ ಬಂದರು. ಉಳಿದೆರಡು ಗುಂಪಿನವರು 3.32 ಮತ್ತು 3.29 ಸಲ ಮಾತ್ರ ಬಂದರು. ಉತ್ತರಾರ್ಧದಲ್ಲಿ ಈ ಭೇದ ಗಣನೆಗೆ ಬರುವಷ್ಟು ಉಳಿಯಲಿಲ್ಲ. 1985ರಲ್ಲಿ ಪ್ರಕಟವಾದ ಈ ಫಲಿತಾಂಶವು ಅರ್ಥಶಾಸ್ತ್ರದ ಪಾಠಕ್ಕೆ ವಿರುದ್ಧವಾದದ್ದು. ಕೊಟ್ಟ ಹಣ ಹೋಯಿತು, ಅದು ಮುಂದಿನ ನಿರ್ಧಾರವನ್ನು ಬಾಧಿಸಬಾರದು. ಆದರೆ ಮನುಷ್ಯನು ‘ದುಡ್ಡು ಕೊಟ್ಟಿದ್ದೇನೆ, ಹೋಗಲೇಬೇಕು’ ಎಂದುಕೊಳ್ಳುತ್ತಾನೆ. ನಮ್ಮಲ್ಲಿ ಪುಕ್ಕಟೆ ಪಾಸಿನವರ ಕುರ್ಚಿಗಳು ಬರಿದಾಗಿರುವುದನ್ನೂ, ಹಣ ಕೊಟ್ಟವರು ನೆಲದ ಮೇಲೆ ಒತ್ತೊತ್ತಾಗಿ ಕುಳಿತಿರುವುದನ್ನೂ ಜಾತ್ರೆಯ ನಾಟಕಗಳಲ್ಲಿ ನೋಡದವರಾರು?

ಹಾಗೆಂದು ಬೆಲೆ ಏರಿಸಿದಷ್ಟೂ ಜನ ಬರುವರೆಂದು ತಿಳಿಯಲಾಗದು. ಇಂಗ್ಲೆಂಡಿನ ಲೀಗ್ ಪಂದ್ಯಗಳಿಗೆ 1948–49ರಲ್ಲಿ ಬಂದ ಪ್ರೇಕ್ಷಕರು 4 ಕೋಟಿ 12 ಲಕ್ಷಕ್ಕೂ ಮಿಕ್ಕಿದ್ದರು. 1985–86ರಲ್ಲಿ ಆ ಸಂಖ್ಯೆ ಸುಮಾರು 1 ಕೋಟಿ 65 ಲಕ್ಷಕ್ಕಿಳಿಯಿತು. ಟೆಲಿವಿಷನ್ನು, ಗುಂಪುಗಳ ಪುಂಡಾಟ, ಶಿಥಿಲಗೊಂಡ ಮೈದಾನಗಳು ಇದಕ್ಕೆ ಮುಖ್ಯ ಕಾರಣಗಳು. ಟಿಕೀಟಿನ ಬೆಲೆಯ ಪಾಲು ಅಲ್ಪ. 1989ರ ಹಿಲ್ಸ್‌ಬರೋ ದುರಂತದ ತರುವಾಯ ದೊಡ್ಡ ಮೈದಾನಗಳಲ್ಲಿ ನಿಂತು ನೋಡುವ ಕಟ್ಟೆಗಳು ಹೋಗಿ ಆಸನಗಳು ಬಂದವು, ಬೆಲೆಗಳು ಹಲವು ಪಟ್ಟು ಏರಿದವು. ಆದರೂ ಪ್ರೇಕ್ಷಕರು ಹೆಚ್ಚಿದರು. ಸಂಖ್ಯೆಯನ್ನಷ್ಟೇ ನೋಡುವವನು ಬೆಲೆಯಿಂದ ಹಾನಿಯಿಲ್ಲವೆಂದು ತೀರ್ಮಾನಿಸಬಹುದು. ಆದರೆ ಬಂದವರು ಯಾರು ಎಂದು ಕೇಳಿದಾಗ ಚಿತ್ರ ಬೇರೆಯಾಗುತ್ತದೆ. ಶಾಲೆ ಬಿಟ್ಟ ಹುಡುಗನೂ ಕೂಲಿಕಾರನೂ ನಿಲ್ಲುತ್ತಿದ್ದ ತಾಣವನ್ನು ಉಳ್ಳವರು ತುಂಬಿದರು. 2016ರ ಫೆಬ್ರವರಿ 6ರಂದು ಲಿವರ್‌ಪೂಲಿನ ಸಹಸ್ರಾರು ಪ್ರೇಕ್ಷಕರು, 77 ಪೌಂಡುಗಳ ಟಿಕೀಟನ್ನು ಪ್ರತಿಭಟಿಸಿ, ಪಂದ್ಯದ 77ನೆಯ ನಿಮಿಷಕ್ಕೆ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಒಡೆಯರು ಆ ಬೆಲೆಯನ್ನು ಹಿಂತೆಗೆದುಕೊಂಡರು.

ಇನ್ನು ನಮ್ಮ ನಾಡಿನ ವಿಷಯ. ಬೆಂಗಳೂರಿನ ಕಾಲ್ಚೆಂಡಾಟ ದಂಡು ಪ್ರದೇಶದ ಮಣ್ಣಿನಲ್ಲಿ ಬೇರೂರಿದ್ದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ಪನ್ನು ಗೆದ್ದು, ಮರುವರ್ಷವೂ ಉಳಿಸಿಕೊಂಡಿತು. ಮುಂದೆ ಐ.ಟಿ.ಐ., ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳ ತಂಡಗಳು ಆಟವನ್ನು ಪೋಷಿಸಿದವು. ಅವುಗಳಿಗೆ ಪ್ರೇಕ್ಷಕನ ಹಣದ ಅಗತ್ಯವಿರಲಿಲ್ಲ. ಆದ್ದರಿಂದಲೇ ಪ್ರೇಕ್ಷಕನನ್ನು ಕರೆಯುವ ಅಗತ್ಯವೂ ಅಷ್ಟಾಗಿ ಕಾಣಲಿಲ್ಲವೆಂದು ನನಗೆ ತೋರುತ್ತದೆ. 2013ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್.ಸಿ. ಇದಕ್ಕೆ ವ್ಯತಿರಿಕ್ತವಾದ ದಾರಿ ಹಿಡಿಯಿತು. ಅದೇ ವರ್ಷದ ಸೆಪ್ಟೆಂಬರ್ 22ರಂದು ಮೋಹನ್ ಬಗಾನಿನೊಡನೆ ತನ್ನ ಮೊದಲ ಪಂದ್ಯವನ್ನಾಡಿ 1–1ರ ಸಮ ಮಾಡಿಕೊಂಡ ಈ ಕ್ಲಬ್ಬು, ಮೊದಲ ಋತುವಿನಲ್ಲೇ ಐ-ಲೀಗನ್ನು ಗೆದ್ದಿತು. ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದ ಪಡುವಣ ಕಟ್ಟೆಯಲ್ಲಿ ನೆರೆದ ಯುವಕರು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಿಟ್ಟುಕೊಂಡರು. ಕ್ಲಬ್ಬು ಹೆಚ್ಚು ವಿಸ್ತಾರವಾದ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ಆ ಹೆಸರೂ ಅವರೊಡನೆ ಹೋಯಿತು. ಕಟ್ಟೆ ಹಿಂದೆ ಉಳಿಯಿತು, ಕಟ್ಟೆಯ ಹೆಸರು ಜನರೊಡನೆ ನಡೆಯಿತು. ಸೀಸನ್ ಟಿಕೀಟು ನಿಜವಾಗಿ ಮಾರುವುದು ಇಂಥ ಅಭ್ಯಾಸವನ್ನೇ. ಅದೇ ಜಾಗ, ಅದೇ ನೆರೆಯವರು, ಅದೇ ಕೂಗು.

ಪಂದ್ಯಗಳ ಸಂಖ್ಯೆಯನ್ನೂ ಇಲ್ಲಿ ಮರೆಯಲಾಗದು. ಇಂಡಿಯನ್ ಸೂಪರ್ ಲೀಗಿನ 2014ರ ಮೊದಲ ಋತುವಿನ ಸರಾಸರಿ ಹಾಜರಿ ಇಪ್ಪತ್ತನಾಲ್ಕು ಸಾವಿರದ ಆಸುಪಾಸಿನಲ್ಲಿತ್ತು. 2017–18ರಲ್ಲಿ ಅದು ಸುಮಾರು ಹದಿನೈದು ಸಾವಿರಕ್ಕಿಳಿಯಿತು. ಮೊದಲ ಋತು ಅಕ್ಟೋಬರ್ 12ರಿಂದ ಡಿಸೆಂಬರ್ 20ರವರೆಗಿನ ಹಬ್ಬದಂತಿತ್ತು. ಎರಡನೆಯದು ನವೆಂಬರಿನಿಂದ ಮಾರ್ಚಿನವರೆಗೆ ಹಬ್ಬಿತು. ತವರಿನ ಲೀಗ್ ಪಂದ್ಯಗಳು ಏಳರಿಂದ ಒಂಬತ್ತಕ್ಕೇರಿದವು. ಜೇಬು ಮಾತ್ರ ಅದೇ. ಕುಟುಂಬವೊಂದು ಟಿಕೀಟಿನ ಹಣವನ್ನಷ್ಟೇ ಎಣಿಸುವುದಿಲ್ಲ. ಬಸ್ಸು, ತಿಂಡಿ, ಕೆಲಸದ ದಿನದ ಸಂಜೆ ಇವೆಲ್ಲವೂ ಬೆಲೆಯೇ. ಟಿಕೀಟಿನ ದರದಲ್ಲಿ ಕೊಂಚ ಕಡಿತ ಮಾಡಿದರೆ ಹಾಜರಿಯಲ್ಲಿ ಅಷ್ಟಾಗಿ ವ್ಯತ್ಯಾಸ ಕಾಣದಿರುವುದಕ್ಕೆ ಇದೊಂದು ಕಾರಣ.

ಹತ್ತರಗಿಯ ನಾಕಾ ದಾಟಿ ಉತ್ತರಕ್ಕೆ ಸಾಗಿದರೆ ಸಿಗುವ ಕೊಲ್ಲಾಪುರದಲ್ಲಿ ಇನ್ನೊಂದು ಬಗೆಯ ಉದಾಹರಣೆಯಿದೆ. ಅಲ್ಲಿಯ ತಂಡಗಳು ಕುಸ್ತಿಯ ತಾಲೀಮುಗಳಿಂದ ಹುಟ್ಟಿದವು. ಪಾಟಾಕಡೀಲ, ಖಂಡೋಬಾ, ದಿಲಬಹಾರ, ಬಾಲಗೋಪಾಲ ಎಂಬ ತಾಲೀಮುಗಳ ಹೆಸರುಗಳೇ ತಂಡಗಳ ಹೆಸರುಗಳು. ಶಾಹು ಕ್ರೀಡಾಂಗಣದಲ್ಲಿ ಇವು ಎದುರಾದ ದಿನ ಸಾವಿರಾರು ಜನರು ಸೇರುತ್ತಾರೆ. ಓಣಿಯಲ್ಲಿ ಹುಟ್ಟಿದವನು ತಾಲೀಮಿನವನಾಗಿಯೇ ಬೆಳೆಯುತ್ತಾನೆ. ಅವನ ಆಸನವನ್ನು ಕಾದಿರಿಸುವ ಚೀಟಿ ಯಾವ ಕಿಟಕಿಯಲ್ಲೂ ಮಾರಾಟಕ್ಕಿರುವುದಿಲ್ಲ. ಹುಕ್ಕೇರಿ, ಗೋಕಾಕ ಭಾಗದಿಂದ ನಮ್ಮ ವಿಭಾಗಕ್ಕೆ ಬರುವ ವಿದ್ಯಾರ್ಥಿಗಳಿಗೆ ಆ ಮೈದಾನವು ಒಂದು-ಒಂದೂವರೆ ಗಂಟೆಯ ದಾರಿ. ಅವರಲ್ಲೊಬ್ಬರು ಒಂದು ಋತುವಿನ ಉದ್ದಕ್ಕೂ ಬಾಗಿಲಲ್ಲಿ ನಿಂತು, ಯಾವ ಓಣಿಯವರು ಯಾವ ದಿನ ಬಂದರು, ಏನು ಕೊಟ್ಟರು ಎಂಬುದನ್ನು ಬರೆದು ತಂದರೆ, ಮುಂದಿನ ಸಂಚಿಕೆಯಲ್ಲಿ ಈ ವಿಚಾರವನ್ನು ಅಲ್ಲಿಂದಲೇ ಮುಂದುವರಿಸಬಹುದು.