ಅವಧಿ ಮುಗಿಯುವ ಹಂತದಲ್ಲಿರುವ ಪಾಸ್‌ಪೋರ್ಟಿನೊಡನೆ ಸ್ವಂತ ಊರಿಗೆ ಬಂದುಹೋಗುವವರಿಗೆ ಮಾಹಿತಿ

ತುಮಕೂರು–ಕುಣಿಗಲ್ ರಸ್ತೆಯಲ್ಲಿರುವ ಗೂಳೂರಿನಲ್ಲಿ ಮಣ್ಣಿನ ಮಹಾಗಣಪತಿ ಮೂರ್ತಿಯ ಕೆಲಸವು ಗಣೇಶ ಚತುರ್ಥಿಯಂದು ಆರಂಭವಾಗಿ, ದೀಪಾವಳಿಯ ಬಲಿಪಾಡ್ಯಮಿಯಿಂದ ಪೂಜೆ ನಡೆದು, ಕಾರ್ತಿಕ ಮಾಸ ಕಳೆದ ಮೇಲೆ ಜಾತ್ರೆಯೊಡನೆ ಕೆರೆಯಲ್ಲಿ ವಿಸರ್ಜನೆಯಾಗುವುದು ಸರ್ವವಿದಿತ. ಉದ್ಯೋಗ ನಿಮಿತ್ತ ಹೊರದೇಶಗಳಲ್ಲಿ ನೆಲೆಸಿರುವ ಗೂಳೂರು, ಗುಬ್ಬಿ, ಕುಣಿಗಲ್ ಭಾಗದವರು ತಮ್ಮ ರಜೆಯನ್ನು ಈ ದಿನಗಳಿಗೆ ಹೊಂದಿಸಿಕೊಂಡು ಬರುವಾಗ ವಿಮಾನದ ಟಿಕೆಟ್ಟನ್ನು ತಿಂಗಳುಗಟ್ಟಲೆ ಮೊದಲೇ ಖರೀದಿಸುತ್ತಾರೆ. ಆದರೆ ಪಾಸ್‌ಪೋರ್ಟಿನ ಅವಧಿಯನ್ನು ನೋಡುವುದು ಪೆಟ್ಟಿಗೆ ಕಟ್ಟುವ ದಿನ. ಅವಧಿ ಕೆಲವೇ ತಿಂಗಳು ಉಳಿದಿದ್ದರೆ ಪ್ರಯಾಣ ಮಾಡಬಹುದೇ, ಇಲ್ಲವೇ ಎಂಬ ಪ್ರಶ್ನೆ ಆಗ ಉದ್ಭವಿಸುತ್ತದೆ. ಈ ಕುರಿತು ಸಾರ್ವಜನಿಕರಿಗೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಭಾರತ ಪ್ರವೇಶಕ್ಕೆ ಆರು ತಿಂಗಳ ನಿಯಮವಿಲ್ಲ

ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲೇಬೇಕು ಎಂಬ ಮಾತು ವ್ಯಾಪಕವಾಗಿ ಪ್ರಚಲಿತದಲ್ಲಿದೆ. ಇದು ಅನೇಕ ದೇಶಗಳು ತಮ್ಮಲ್ಲಿಗೆ ಬರುವ ವಿದೇಶೀಯರಿಗೆ ವಿಧಿಸಿರುವ ಷರತ್ತು. ಭಾರತೀಯ ಪಾಸ್‌ಪೋರ್ಟ್ ಹೊಂದಿದ ಭಾರತೀಯ ಪ್ರಜೆಯು ಭಾರತಕ್ಕೆ ಮರಳುವಾಗ ಈ ಷರತ್ತು ಅನ್ವಯಿಸುವುದಿಲ್ಲ. ಬಂದಿಳಿಯುವ ದಿನದಂದು ಪಾಸ್‌ಪೋರ್ಟ್ ಊರ್ಜಿತದಲ್ಲಿದ್ದರೆ ಸಾಕು. ಅವಧಿ ಹತ್ತೇ ದಿನ ಉಳಿದಿದ್ದರೂ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಆ ಕಾರಣದಿಂದ ಪ್ರವೇಶ ನಿರಾಕರಿಸುವಂತಿಲ್ಲ.

ಹೀಗಿದ್ದರೂ ಹೊರದೇಶದ ವಿಮಾನ ನಿಲ್ದಾಣದಲ್ಲಿಯೇ ಅಡಚಣೆಯಾಗುವ ಸಂದರ್ಭಗಳುಂಟು. ಸರಿಯಾದ ದಾಖಲೆಯಿಲ್ಲದವರನ್ನು ಕರೆತಂದ ವಿಮಾನ ಸಂಸ್ಥೆಗೆ ದಂಡ ವಿಧಿಸಲು ಬಹುತೇಕ ದೇಶಗಳ ಕಾನೂನಿನಲ್ಲಿ ಅವಕಾಶವಿರುವುದರಿಂದ ಅವುಗಳ ಸಿಬ್ಬಂದಿ ಎಚ್ಚರಿಕೆಯನ್ನು ಅತಿಯಾಗಿಯೇ ವಹಿಸುತ್ತಾರೆ. ವಿದೇಶೀಯರಿಗೆ ಇರುವ ನಿಯಮವನ್ನು ಭಾರತೀಯರಿಗೂ ಅನ್ವಯಿಸಿಬಿಡುತ್ತಾರೆ. ಅಂತಹ ಸಂದರ್ಭದಲ್ಲಿ ತಾವು ಭಾರತದ ಪ್ರಜೆ ಎಂಬುದನ್ನು ತಿಳಿಸಿ, ವಿಮಾನ ಸಂಸ್ಥೆಗಳು ದಾಖಲೆ ಪರಿಶೀಲನೆಗೆ ಬಳಸುವ 'ಟೈಮ್ಯಾಟಿಕ್' ಎಂಬ ಗಣಕ ಮಾಹಿತಿಯನ್ನು ಪೌರತ್ವದ ಆಧಾರದ ಮೇಲೆ ಮತ್ತೊಮ್ಮೆ ನೋಡುವಂತೆ ಮೇಲ್ವಿಚಾರಕರನ್ನು ಕೋರಬಹುದು. ಮಾರ್ಗಮಧ್ಯದಲ್ಲಿ ವಿಮಾನ ಬದಲಿಸುವವರು ನಿಲ್ದಾಣದ ಒಳಗೇ ಇದ್ದು ಮುಂದಿನ ವಿಮಾನ ಹತ್ತುವಂತೆ ಟಿಕೆಟ್ ಪಡೆಯುವುದು ಲೇಸು. ನಡುವೆ ಮತ್ತೊಂದು ದೇಶವನ್ನು ಪ್ರವೇಶಿಸಬೇಕಾಗಿ ಬಂದಲ್ಲಿ ಆ ದೇಶದ ನಿಯಮ ಅನ್ವಯವಾಗುತ್ತದೆ.

ಅವಧಿಯನ್ನು ಎಣಿಸಬೇಕಾದುದು ಹಿಂತಿರುಗುವ ದಿನದಿಂದ

ತೊಂದರೆ ಇರುವುದು ಬರುವ ಪ್ರಯಾಣದಲ್ಲಿ ಅಲ್ಲ, ಮರಳಿ ಹೋಗುವ ಪ್ರಯಾಣದಲ್ಲಿ. ಉದಾಹರಣೆಗೆ, ಒಬ್ಬರ ಪಾಸ್‌ಪೋರ್ಟ್ ಮೇ 10ರಂದು ಮುಗಿಯುವುದೆಂದು ಭಾವಿಸೋಣ. ಅವರು ಹಿಂದಿನ ನವೆಂಬರ್ 5ರಂದು ಊರಿಗೆ ಹೊರಟಾಗ ಆರು ತಿಂಗಳು ಐದು ದಿನ ಉಳಿದಿರುತ್ತದೆ, ಯಾರೂ ಪ್ರಶ್ನಿಸುವುದಿಲ್ಲ. ಗಣಪತಿಯ ವಿಸರ್ಜನೆ ಮುಗಿಸಿಕೊಂಡು ಡಿಸೆಂಬರ್ 10ರಂದು ಹಿಂತಿರುಗುವಾಗ ಉಳಿಯುವುದು ಐದೇ ತಿಂಗಳು. ಹೋಗುವ ದೇಶವು ಆರು ತಿಂಗಳ ಷರತ್ತು ವಿಧಿಸಿದ್ದರೆ ವಿಮಾನ ಹತ್ತಲು ಅವಕಾಶ ದೊರೆಯುವುದಿಲ್ಲ. ರಜೆ ಮುಗಿದಿರುತ್ತದೆ, ಉದ್ಯೋಗದಾತರು ಕಾಯುವುದಿಲ್ಲ, ಟಿಕೆಟ್ಟಿನ ಹಣವೂ ಹೋಗುತ್ತದೆ.

ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾಗಿವೆ. ಸಿಂಗಪುರಕ್ಕೆ ಭೇಟಿ ನೀಡುವವರಿಗೆ ಆರು ತಿಂಗಳ ಅವಧಿ ಅಗತ್ಯ. ಯುರೋಪಿನ ಷೆಂಗನ್ ದೇಶಗಳಿಗೆ ಅಲ್ಪಾವಧಿಯ ಭೇಟಿಗೆ ಹೋಗುವವರು, ಆ ದೇಶಗಳಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಊರ್ಜಿತವಿರುವ ಹಾಗೂ ಹಿಂದಿನ 10 ವರ್ಷಗಳೊಳಗೆ ವಿತರಿಸಲಾದ ಪಾಸ್‌ಪೋರ್ಟ್ ಹೊಂದಿರತಕ್ಕದ್ದು. ಬ್ರಿಟನ್ನಿನಲ್ಲಿ ವಾಸ್ತವ್ಯದ ಪೂರ್ಣ ಅವಧಿಗೆ ಊರ್ಜಿತವಿದ್ದರೆ ಸಾಕು.

ಸಂಯುಕ್ತ ಅರಬ್ ಸಂಸ್ಥಾನಗಳಿಗೆ ಭೇಟಿ ವೀಸಾದ ಮೇಲೆ ಹೋಗುವವರಿಗೆ ಆರು ತಿಂಗಳ ಅವಧಿ ಬೇಕು. ಅಲ್ಲಿನ ನಿವಾಸ ಪರವಾನಗಿಯನ್ನು ನವೀಕರಿಸುವಾಗಲೂ ಇದೇ ಷರತ್ತು ಎದುರಾಗುತ್ತದೆ. ಕುವೈತಿನಲ್ಲಿ ನಿವಾಸ ಪರವಾನಗಿಯು ಪಾಸ್‌ಪೋರ್ಟಿನ ಅವಧಿಯನ್ನು ಮೀರುವಂತಿಲ್ಲ. ಆದುದರಿಂದ ಗಲ್ಫ್ ದೇಶಗಳಲ್ಲಿ ನಿವಾಸ ಪರವಾನಗಿ ಉಳ್ಳವರು ಊರಿಗೆ ಹೊರಡುವ ಮೊದಲೇ ತಮ್ಮ ಸಂಸ್ಥೆಯಿಂದಲೂ ವಿಮಾನ ಸಂಸ್ಥೆಯಿಂದಲೂ ಮರುಪ್ರವೇಶದ ನಿಯಮವನ್ನು ಬರಹದಲ್ಲಿ ಪಡೆದುಕೊಳ್ಳುವುದು ಕ್ಷೇಮಕರ. ಸ್ನೇಹಿತರೊಬ್ಬರು ಕಳೆದ ವರ್ಷ ಹೋಗಿ ಬಂದರೆಂಬುದು ಆಧಾರವಾಗಲಾರದು.

ಅಮೆರಿಕಕ್ಕೆ ಹಿಂತಿರುಗುವವರು ವಿಶೇಷವಾಗಿ ಗಮನಿಸಬೇಕಾದ ಅಂಶ

ವಾಸ್ತವ್ಯದ ಅವಧಿಗಿಂತ ಆರು ತಿಂಗಳು ಹೆಚ್ಚಿಗೆ ಪಾಸ್‌ಪೋರ್ಟ್ ಊರ್ಜಿತವಿರಬೇಕೆಂಬ ಅಮೆರಿಕದ ನಿಯಮದಿಂದ ವಿನಾಯಿತಿ ಪಡೆದ ದೇಶಗಳ ಪಟ್ಟಿಯಲ್ಲಿ ಭಾರತವೂ ಸೇರಿದೆ. ಹೀಗಾಗಿ ಅಲ್ಲಿಗೆ ಮರಳುವಾಗ ವಿಮಾನ ಹತ್ತಲು ಸಾಮಾನ್ಯವಾಗಿ ತೊಂದರೆಯಿಲ್ಲ. ಇದರಿಂದಲೇ ಅನೇಕರು ನಿಶ್ಚಿಂತರಾಗಿ ಮೋಸಹೋಗುತ್ತಾರೆ.

ಅಮೆರಿಕದಲ್ಲಿ ಎಷ್ಟು ದಿನ ಇರಬಹುದೆಂಬುದು ವೀಸಾದ ಮೇಲಿನ ದಿನಾಂಕದಿಂದ ನಿರ್ಧಾರವಾಗುವುದಿಲ್ಲ. ಪ್ರವೇಶದ ಸಮಯದಲ್ಲಿ ಅಲ್ಲಿನ ಅಧಿಕಾರಿ ನಮೂದಿಸುವ 'ಐ-94' ದಾಖಲೆಯಿಂದ ನಿರ್ಧಾರವಾಗುತ್ತದೆ. ಎಚ್-1ಬಿ ಉದ್ಯೋಗಿಗೆ ಮೂರು ವರ್ಷಗಳ ಅನುಮೋದನೆ ಇದ್ದರೂ, ಪಾಸ್‌ಪೋರ್ಟ್ ಎಂಟು ತಿಂಗಳಲ್ಲಿ ಮುಗಿಯುವಂತಿದ್ದರೆ ಐ-94 ಅವಧಿಯನ್ನು ಆ ಎಂಟು ತಿಂಗಳಿಗೇ ಸೀಮಿತಗೊಳಿಸುವ ರೂಢಿ ಇದೆ. ಆ ಬಳಿಕ ಭಾರತೀಯ ಕಾನ್ಸುಲೇಟಿನಲ್ಲಿ ಹೊಸ ಪಾಸ್‌ಪೋರ್ಟ್ ಪಡೆದರೂ ಐ-94 ದಿನಾಂಕ ತಾನಾಗಿಯೇ ಮುಂದಕ್ಕೆ ಹೋಗುವುದಿಲ್ಲ. ಇದನ್ನು ಗಮನಿಸದೆ ಉಳಿದವರು ತಮಗೆ ಅರಿವಿಲ್ಲದೆಯೇ ಅನಧಿಕೃತ ವಾಸಿಗಳೆನಿಸುತ್ತಾರೆ. ಮುಂದಿನ ವೀಸಾ ಮತ್ತು ಖಾಯಂ ನಿವಾಸದ ಅರ್ಜಿಗಳ ಮೇಲೂ ಇದರ ಪರಿಣಾಮವಾಗುತ್ತದೆ. ಪ್ರವೇಶವಾದ ವಾರದೊಳಗೆ ತಮ್ಮ ಹಾಗೂ ಅವಲಂಬಿತರ ಐ-94 ದಾಖಲೆಯನ್ನು ಅಂತರ್ಜಾಲದಲ್ಲಿ ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು. ದಿನಾಂಕ ಕಡಿಮೆ ಇದ್ದಲ್ಲಿ, ಆ ದಿನಾಂಕಕ್ಕೆ ಮೊದಲೇ ಉದ್ಯೋಗದಾತರ ಮೂಲಕ ವಿಸ್ತರಣೆಗೆ ಅರ್ಜಿ ಸಲ್ಲಿಸುವುದು ಅಥವಾ ಹೊಸ ಪಾಸ್‌ಪೋರ್ಟಿನೊಡನೆ ಹೊರಹೋಗಿ ಮರಳಿ ಪ್ರವೇಶಿಸುವುದು ರೂಢಿಯಲ್ಲಿರುವ ಮಾರ್ಗಗಳು.

ಮರುವಿತರಣೆಗೆ ಯಾವಾಗ, ಎಲ್ಲಿ ಅರ್ಜಿ ಸಲ್ಲಿಸಬೇಕು

ವಯಸ್ಕರ ಸಾಮಾನ್ಯ ಪಾಸ್‌ಪೋರ್ಟಿನ ಅವಧಿ 10 ವರ್ಷ. ಹಿಂದೆ ಹಳೆಯ ಪುಸ್ತಕದಲ್ಲಿಯೇ ಮುದ್ರೆ ಹಾಕಿ ಅವಧಿಯನ್ನು ವಿಸ್ತರಿಸುವ ಪದ್ಧತಿ ಇತ್ತು. ಈಗ 'ನವೀಕರಣ' ಎಂದು ಜನರು ಕರೆಯುವುದು ವಾಸ್ತವವಾಗಿ ಮರುವಿತರಣೆ. ಹೊಸ ಸಂಖ್ಯೆಯ ಹೊಸ ಪುಸ್ತಕವನ್ನೇ ನೀಡಲಾಗುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಸಲ್ಲಿಸಬಹುದು. ಹಳೆಯ ಪುಸ್ತಕದಲ್ಲಿ ಉಳಿದ ತಿಂಗಳುಗಳನ್ನು ಹೊಸದಕ್ಕೆ ಸೇರಿಸುವುದಿಲ್ಲವಾದ ಕಾರಣ, ಆ ತಿಂಗಳುಗಳು ನಷ್ಟವಾಗುವುವೆಂದು ಕೆಲವರು ಕೊನೆಯವರೆಗೂ ಕಾಯುತ್ತಾರೆ. ಒಂದು ವಿಮಾನ ಪ್ರಯಾಣ ತಪ್ಪಿದರೆ ಆಗುವ ನಷ್ಟದ ಮುಂದೆ ಇದು ಗಣನೀಯವಲ್ಲ.

ರಜೆ ಮೂರು ನಾಲ್ಕು ವಾರ ಮಾತ್ರ ಇರುವವರು, ವಾಸವಿರುವ ದೇಶದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನ ಮೂಲಕವೇ ಹೊಸ ಪಾಸ್‌ಪೋರ್ಟ್ ಪಡೆದು ಊರಿಗೆ ಹೊರಡುವುದು ಉತ್ತಮ. ಊರಿನಲ್ಲಿ ಮಾಡಿಸುವುದು ಅನಿವಾರ್ಯವಾದಲ್ಲಿ, ಬಂದ ವಾರದಲ್ಲಿಯೇ ಅರ್ಜಿ ಸಲ್ಲಿಸತಕ್ಕದ್ದು. ತುಮಕೂರು ಜಿಲ್ಲೆಯು ಬೆಂಗಳೂರಿನ ಕೋರಮಂಗಲದಲ್ಲಿರುವ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿಯ ವ್ಯಾಪ್ತಿಗೆ ಸೇರಿದೆ. 2018ರಿಂದ ವಾಸಸ್ಥಳ ಯಾವುದೇ ಇದ್ದರೂ ದೇಶದ ಯಾವ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿಯಾದರೂ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. ಅಂಚೆ ಕಚೇರಿಗಳಲ್ಲಿಯೂ ಈ ಕೇಂದ್ರಗಳಿದ್ದು, 2017ರ ಜನವರಿಯಲ್ಲಿ ಮೊದಲು ತೆರೆದ ಎರಡರಲ್ಲಿ ಮೈಸೂರಿನದು ಒಂದು. ಸಾಮಾನ್ಯ ಅರ್ಜಿಗೆ 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ, 60 ಪುಟಗಳ ಪುಸ್ತಕಕ್ಕೆ 2,000 ರೂಪಾಯಿ ಶುಲ್ಕವಿದ್ದು, ತತ್ಕಾಲ್ ಯೋಜನೆಯಡಿ 2,000 ರೂಪಾಯಿ ಹೆಚ್ಚುವರಿಯಾಗಿ ಪಾವತಿಸಬೇಕು. ತತ್ಕಾಲ್ ಅಡಿಯಲ್ಲಿ ವಿತರಿಸುವ ಬಗ್ಗೆ ಅಂತಿಮ ತೀರ್ಮಾನ ಪಾಸ್‌ಪೋರ್ಟ್ ಅಧಿಕಾರಿಯದು.

ಎರಡು ಸಂಗತಿಗಳಲ್ಲಿ ವಿಳಂಬವಾಗುವುದು ಹೆಚ್ಚು. ಒಂದು, ಪೊಲೀಸ್ ಪರಿಶೀಲನೆ: ಅರ್ಜಿಯಲ್ಲಿ ಗೂಳೂರಿನ ಮನೆಯ ವಿಳಾಸ ಕೊಟ್ಟು ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿದರೆ ಪೊಲೀಸ್ ಸಿಬ್ಬಂದಿ ಬಂದಾಗ ಅರ್ಜಿದಾರರು ಸಿಗುವುದಿಲ್ಲ. ಇನ್ನೊಂದು, ಅಂಚೆ: ಪಾಸ್‌ಪೋರ್ಟನ್ನು ಸ್ಪೀಡ್ ಪೋಸ್ಟ್ ಮೂಲಕ ನಮೂದಿತ ವಿಳಾಸಕ್ಕೆ ಕಳುಹಿಸಿ, ಅರ್ಜಿದಾರರ ಕೈಗೇ ತಲುಪಿಸಲಾಗುತ್ತದೆ. ಆ ದಿನಗಳಲ್ಲಿ ಧರ್ಮಸ್ಥಳ, ತಿರುಪತಿಗಳ ಯಾತ್ರೆ ಇಟ್ಟುಕೊಳ್ಳದಿರುವುದು ಒಳಿತು.

ಹೊಸ ಸಂಖ್ಯೆ, ಹಳೆಯ ವೀಸಾ

ಮರುವಿತರಣೆಯ ವೇಳೆ ಹಳೆಯ ಪಾಸ್‌ಪೋರ್ಟನ್ನು ರದ್ದುಪಡಿಸಿ ಹಿಂತಿರುಗಿಸಲಾಗುತ್ತದೆ. ಅದರಲ್ಲಿ ಊರ್ಜಿತ ವೀಸಾ ಇದ್ದಲ್ಲಿ ಆ ಪುಟಕ್ಕೆ ಹಾನಿಯಾಗದಂತೆ ಕೌಂಟರಿನಲ್ಲಿ ಮೊದಲೇ ತಿಳಿಸತಕ್ಕದ್ದು. ಅಮೆರಿಕದ ವೀಸಾ ಹಳೆಯ ಪುಸ್ತಕದಲ್ಲಿದ್ದರೂ ಅದರ ಅವಧಿ ಇರುವವರೆಗೆ ಎರಡೂ ಪುಸ್ತಕಗಳನ್ನು ಜೊತೆಗಿಟ್ಟುಕೊಂಡು ಪ್ರಯಾಣಿಸಬಹುದು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ 2022ರಿಂದ ನಿವಾಸ ವೀಸಾವನ್ನು ಪಾಸ್‌ಪೋರ್ಟಿನಲ್ಲಿ ಅಂಟಿಸುವುದು ನಿಂತಿದ್ದು, ಎಮಿರೇಟ್ಸ್ ಗುರುತಿನ ಚೀಟಿಯೇ ಅದರ ಸ್ಥಾನದಲ್ಲಿದೆ. ಅಲ್ಲಿನ ದಾಖಲೆಯಲ್ಲಿ ಹೊಸ ಪಾಸ್‌ಪೋರ್ಟ್ ಸಂಖ್ಯೆಯನ್ನು ಸೇರಿಸಬೇಕಾಗುತ್ತದೆ. ಸೌದಿ ಅರೇಬಿಯಾದಲ್ಲಿ ಇದೇ ಕಾರ್ಯವನ್ನು 'ಅಬ್ಶರ್' ಜಾಲತಾಣದ ಮೂಲಕ ಮಾಡಲಾಗುತ್ತದೆ. ಟಿಕೆಟ್ಟಿನ ವಿವರಗಳಲ್ಲಿಯೂ ಸಂಖ್ಯೆಯನ್ನು ಬದಲಾಯಿಸುವುದನ್ನು ಮರೆಯಬಾರದು.

ಹೆಸರಿನ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಮಾತು. ಮನೆತನದ ಹೆಸರಿನ ಅಂಕಣವನ್ನು ಖಾಲಿ ಬಿಟ್ಟು, ಒಂದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಪಡೆದವರು ನಮ್ಮಲ್ಲಿ ಅನೇಕರಿದ್ದಾರೆ. ಸಂಯುಕ್ತ ಅರಬ್ ಸಂಸ್ಥಾನಗಳು 2022ರ ನವೆಂಬರಿನಿಂದ ಇಂತಹ ಒಂಟಿ ಹೆಸರಿನ ಪಾಸ್‌ಪೋರ್ಟಿನ ಮೇಲೆ ಭೇಟಿ ವೀಸಾದಲ್ಲಿ ಬರುವವರಿಗೆ ನಿರ್ಬಂಧ ವಿಧಿಸಿವೆ. ಮರುವಿತರಣೆಯ ಸಮಯದಲ್ಲಿ ತಂದೆಯ ಅಥವಾ ಊರಿನ ಹೆಸರನ್ನು ಸೇರಿಸಿಕೊಳ್ಳುವುದು ಯುಕ್ತವೆಂದು ತೋರಬಹುದು. ಆದರೆ ಚಾಲ್ತಿಯಲ್ಲಿರುವ ವೀಸಾದಲ್ಲಿ ಹಳೆಯ ಹೆಸರೇ ಇದ್ದರೆ ಎರಡಕ್ಕೂ ತಾಳೆಯಾಗದೆ ಹೊಸ ತೊಡಕು ಉಂಟಾಗುತ್ತದೆ. ಇಂತಹ ಬದಲಾವಣೆಯನ್ನು ರಜೆಯ ನಡುವೆ ಕೈಗೊಳ್ಳದಿರುವುದು ಸೂಕ್ತ.

ಮಕ್ಕಳ ಪಾಸ್‌ಪೋರ್ಟ್

ಅಪ್ರಾಪ್ತ ವಯಸ್ಕರ ಪಾಸ್‌ಪೋರ್ಟಿನ ಅವಧಿ ಸಾಮಾನ್ಯವಾಗಿ ಐದು ವರ್ಷ, ಅಥವಾ 18 ವರ್ಷ ತುಂಬುವವರೆಗೆ. ಇವುಗಳಲ್ಲಿ ಮೊದಲು ಬರುವುದು ಅನ್ವಯಿಸುತ್ತದೆ. ಪೋಷಕರು ತಮ್ಮ ಪುಸ್ತಕ ನೋಡಿಕೊಂಡು ಮಕ್ಕಳದನ್ನು ಮರೆಯುವುದು ಸಾಮಾನ್ಯ. ಊರಿನಲ್ಲಿ ಮಕ್ಕಳ ಮರುವಿತರಣೆಗೆ ಅರ್ಜಿ ಸಲ್ಲಿಸುವಾಗ ತಂದೆ ತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕಾಗುವುದರಿಂದ, ಒಬ್ಬರು ಮೊದಲೇ ಹಿಂತಿರುಗುವ ಯೋಜನೆ ಇದ್ದಲ್ಲಿ ಮುಂಚಿತವಾಗಿ ಸಹಿ ಪಡೆದುಕೊಳ್ಳತಕ್ಕದ್ದು. ವಿದೇಶೀ ಪೌರತ್ವ ಹೊಂದಿದ ಮಕ್ಕಳ ವಿಷಯ ಬೇರೆ: ಅವರು ಭಾರತಕ್ಕೆ ಬರಲು ಊರ್ಜಿತ ವಿದೇಶೀ ಪಾಸ್‌ಪೋರ್ಟಿನ ಜೊತೆಗೆ ಸಾಗರೋತ್ತರ ಭಾರತೀಯ ನಾಗರಿಕ ಚೀಟಿ ಅಥವಾ ವೀಸಾ ಹೊಂದಿರಬೇಕು. ವೀಸಾ ಪಡೆಯಲು ಪಾಸ್‌ಪೋರ್ಟಿನಲ್ಲಿ ಆರು ತಿಂಗಳ ಅವಧಿ ಇರತಕ್ಕದ್ದು. ಸದರಿ ಚೀಟಿ ಉಳ್ಳ 20 ವರ್ಷದೊಳಗಿನವರು ಹೊಸ ಪಾಸ್‌ಪೋರ್ಟ್ ಪಡೆದಾಗಲೆಲ್ಲ ಅದರ ಪ್ರತಿ ಮತ್ತು ಭಾವಚಿತ್ರವನ್ನು ಮೂರು ತಿಂಗಳೊಳಗೆ ಜಾಲತಾಣದಲ್ಲಿ ಸೇರಿಸಿದರೆ ಸಾಕು. 2021ರಿಂದ ಇದಕ್ಕೆ ಶುಲ್ಕವಿಲ್ಲ.

ಅವಧಿ ಈಗಾಗಲೇ ಮುಗಿದಿದ್ದಲ್ಲಿ

ಮನೆಯಲ್ಲಿ ಸಾವು, ತೀವ್ರ ಕಾಯಿಲೆ ಮುಂತಾದ ಸಂದರ್ಭಗಳಲ್ಲಿ ಕೂಡಲೇ ಹೊರಡಬೇಕಾಗಿ, ಪಾಸ್‌ಪೋರ್ಟಿನ ಅವಧಿ ತೀರಿರುವುದು ಗೊತ್ತಾದರೆ, ಸಮೀಪದ ಭಾರತೀಯ ರಾಯಭಾರ ಕಚೇರಿಯಲ್ಲಿ ತುರ್ತು ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ಇದು ಭಾರತಕ್ಕೆ ಒಂದು ಬಾರಿಯ ಪ್ರಯಾಣಕ್ಕೆ ಮಾತ್ರ ಊರ್ಜಿತ. ಇದರ ಮೇಲೆ ಹಿಂತಿರುಗಿ ಹೋಗಲಾಗದು. ಹೀಗೆ ಬಂದವರು ಇಲ್ಲಿ ಹೊಸ ಪಾಸ್‌ಪೋರ್ಟ್ ಪಡೆಯುವವರೆಗೆ ಕಾಯಬೇಕಾಗುವುದರಿಂದ, ಆ ಅವಧಿಯಲ್ಲಿ ತಮ್ಮ ನಿವಾಸ ಪರವಾನಗಿ ರದ್ದಾಗದಂತೆ ನೋಡಿಕೊಳ್ಳತಕ್ಕದ್ದು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಸಾಮಾನ್ಯ ನಿವಾಸಿಗಳು ಆರು ತಿಂಗಳಿಗೂ ಮೀರಿ ದೇಶದ ಹೊರಗೆ ಉಳಿದರೆ ಪರವಾನಗಿ ಅನೂರ್ಜಿತವಾಗುತ್ತದೆ.

ಭಾರತೀಯ ರಾಯಭಾರ ಕಚೇರಿಗಳ ಸೇವೆಗೆ ಸಂಬಂಧಿಸಿದ ಅಹವಾಲುಗಳನ್ನು ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದಾಖಲಿಸಬಹುದು. ಪಾಸ್‌ಪೋರ್ಟ್ ಅರ್ಜಿಯ ಹಂತವನ್ನು ತಿಳಿಯಲು ಭಾರತದೊಳಗಿನಿಂದ 1800-258-1800 ಶುಲ್ಕರಹಿತ ದೂರವಾಣಿಗೆ ಕರೆ ಮಾಡಬಹುದಾಗಿದೆ. ಕರೆ ಮಾಡುವಾಗ ಅರ್ಜಿಯ ಕಡತ ಸಂಖ್ಯೆ ಹಾಗೂ ಜನ್ಮ ದಿನಾಂಕವನ್ನು ಕೈಯಲ್ಲಿ ಇಟ್ಟುಕೊಂಡಿರಬೇಕೆಂದು ಕೋರಲಾಗಿದೆ.