ಕಾಳಿ, ಗಂಗಾವಳಿಯ ಉಪ್ಪನ್ನು ಮಕ್ಕಳೇ ಅಳೆಯುವ ಬಗೆ

ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. ಊರಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಶಾಖೆಯಿದೆ, ಮಕ್ಕಳಿಗಾಗಿ ವಿಜ್ಞಾನ ಕೇಂದ್ರವೂ ಇದೆ. ಎಂ.ಎಸ್ಸಿ., ಪಿಎಚ್.ಡಿ. ಮಾಡುವ ತರುಣ ಸಂಶೋಧಕರಿಗೆ ಕಾರವಾರ, ಅಂಕೋಲಾದ ಶಾಲೆಗಳು ಹೋಗಿಬರುವಷ್ಟು ಹತ್ತಿರದಲ್ಲಿವೆ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಹೋಗಿ, ಗಾಜಿನ ಭರಣಿಯಲ್ಲಿಟ್ಟ ನಕ್ಷತ್ರಮೀನು ತೋರಿಸಿ, ಫೋಟೊ ತೆಗೆಸಿಕೊಂಡು ಬಂದರೆ ಮಕ್ಕಳಿಗೆ ಆ ದಿನ ಖುಷಿಯಾಗುತ್ತದೆ, ನಿಜ. ಆದರೆ ಶಾಲೆಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಉಪಕರಣ, ಒಂದು ಪ್ರಶ್ನೆ, ಒಂದು ನೋಟ್‌ಬುಕ್ ಇವಿಷ್ಟನ್ನು ಶಾಲೆಯಲ್ಲೇ ಬಿಟ್ಟು ಬರಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ. ಅದನ್ನು ಹೇಗೆ ಮಾಡಬಹುದು ಎನ್ನುವುದಕ್ಕೆ ಇಲ್ಲಿದೆ ಒಂದು ದಾರಿ.

ಪ್ರಶ್ನೆ ಈ ನೆಲದ್ದೇ. ಕಾರವಾರದ ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಹೀಗೆ ಸಾಲುಸಾಲು ಅಣೆಕಟ್ಟುಗಳಿವೆ. ವಿದ್ಯುತ್ ತಯಾರಿಸಿದ ನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತದೆ. ಅಂಕೋಲಾದ ಮಂಜಗುಣಿಯಲ್ಲಿ ಕಡಲು ಸೇರುವ ಗಂಗಾವಳಿಗೆ ಅಂಥ ದೊಡ್ಡ ಜಲವಿದ್ಯುತ್ ಅಣೆಕಟ್ಟು ಇಲ್ಲ. ಹಾಗಿದ್ದರೆ ಮಳೆಗಾಲ ಮುಗಿದ ಮೇಲೆ ಸಮುದ್ರದ ಉಪ್ಪು ಯಾವ ನದಿಯಲ್ಲಿ ಬೇಗ ಮೇಲೇರುತ್ತದೆ, ಎಷ್ಟು ದೂರ ಏರುತ್ತದೆ? ಕಡವಾಡದ ಶಾಲೆಯೊಂದು ಕಾಳಿಯನ್ನು, ಮಂಜಗುಣಿಯ ಶಾಲೆಯೊಂದು ಗಂಗಾವಳಿಯನ್ನು ಅಳೆದು ಲೆಕ್ಕ ಹಂಚಿಕೊಂಡರೆ ಉತ್ತರ ಪಠ್ಯಪುಸ್ತಕದಿಂದ ಬರಬೇಕಾಗಿಲ್ಲ.

ಇನ್ನು ಉಪ್ಪು ಅಳೆಯುವ ಉಪಕರಣ. ಜ್ಯೂಸ್ ಕುಡಿಯುವ ಕೊಳವೆಯ ತಳಕ್ಕೆ ಮೇಣ ಹಚ್ಚಿ ತೇಲಿಸುವ ಪ್ರಯೋಗ ಅನೇಕ ಪುಸ್ತಕಗಳಲ್ಲಿದೆ. ಅದು ಇಲ್ಲಿ ಸಾಲದು. ಸಮುದ್ರದ ನೀರು ಸಿಹಿನೀರಿಗಿಂತ ಶೇ. 2.5ರಷ್ಟು ಮಾತ್ರ ಭಾರ. 10 ಸೆಂ.ಮೀ. ಮುಳುಗುವ ಕೊಳವೆ ಉಪ್ಪುನೀರಿನಲ್ಲಿ ಮೇಲೇಳುವುದು ಎರಡೂವರೆ ಮಿ.ಮೀ.ಗಿಂತ ಕಡಿಮೆ, ಮಕ್ಕಳ ಕಣ್ಣಿಗೆ ಅದು ಕಾಣುವುದೇ ಕಷ್ಟ. ತಳದಲ್ಲಿ ದಪ್ಪ, ಮೇಲೆ ಸಪೂರ ಇರಬೇಕು. ಚೆನ್ನಾಗಿ ತೊಳೆದ ಪುಟ್ಟ ಔಷಧದ ಸೀಸೆಯ ರಬ್ಬರ್ ಮುಚ್ಚಳಕ್ಕೆ ತೂತು ಮಾಡಿ, ಪಾರದರ್ಶಕ ಕೊಳವೆ ನಿಲ್ಲಿಸಿ, ಸಂದಿಗೆ ಎಂ-ಸೀಲ್ ಮೆತ್ತಿ. ಸೀಸೆ 20 ಮಿ.ಲೀ. ನೀರು ಸರಿಸುವಷ್ಟು ದೊಡ್ಡದಿದ್ದು ಕೊಳವೆ 5 ಮಿ.ಮೀ. ದಪ್ಪವಿದ್ದರೆ, ಸಿಹಿನೀರಿಗೂ ಕಡಲನೀರಿಗೂ ನಡುವೆ ಸುಮಾರು ಎರಡೂವರೆ ಸೆಂ.ಮೀ. ಅಂತರ ಸಿಗುತ್ತದೆ. ಹತ್ತು ಪಟ್ಟು ಹೆಚ್ಚು! ಏಕೆ ಹೀಗೆ ಎಂದು ಏಳನೇ ತರಗತಿಯವರು ಲೆಕ್ಕ ಹಾಕಿ ಹೇಳಲಿ, ಆರ್ಕಿಮಿಡೀಸ್‌ನ ಪಾಠ ಅಲ್ಲೇ ಮುಗಿಯಿತು.

ಸೀಸೆಯೊಳಗೆ ಚಿಟಿಕೆ ಚಿಟಿಕೆಯಾಗಿ ಮರಳು ಹಾಕುತ್ತ ಹೋಗಬೇಕು. ಸಿಹಿನೀರಿನಲ್ಲಿ ಕೊಳವೆಯ ತುದಿ ಬೆರಳಗಲ ಮಾತ್ರ ಹೊರಗೆ ನಿಂತರೆ ಸರಿಹೋಯಿತು. ಗ್ರಾಫ್ ಹಾಳೆಯ ಪಟ್ಟಿಯನ್ನು ಒಳಗೆ ತೂರಿಸಿ, ತುದಿಯನ್ನು ಮೇಣದಿಂದ ಮುಚ್ಚಿ. ಆಮೇಲೆ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿದ ಉಪ್ಪಿನಿಂದ ಲೀಟರಿಗೆ 10, 20, 35 ಗ್ರಾಂನ ನೀರು ಮಾಡಿಕೊಂಡು ಒಂದೊಂದರಲ್ಲೂ ತೇಲಿಸಿ ಗುರುತು ಹಾಕಿ. 35 ಅಂದರೆ ಹೆಚ್ಚುಕಡಿಮೆ ಅರಬ್ಬಿ ಸಮುದ್ರ. ಒಂದು ಎಚ್ಚರಿಕೆ: ನೀರು 25ರಿಂದ 30 ಡಿಗ್ರಿಗೆ ಬೆಚ್ಚಗಾದರೆ ಉಪ್ಪು ಲೀಟರಿಗೆ ಸುಮಾರು 2 ಗ್ರಾಂ ಕಡಿಮೆ ಇದ್ದಂತೆ ತೋರುತ್ತದೆ. ಆದ್ದರಿಂದ ನದಿಯಿಂದ ತಂದ ನೀರಿನ ಬಕೆಟ್ಟನ್ನು ನೆರಳಲ್ಲಿ ಇಟ್ಟು, ಗುರುತು ಹಾಕಿದ ನೀರಿನಷ್ಟೇ ತಣ್ಣಗಾದ ಮೇಲೆ ಅಳೆಯಬೇಕು.

ಎಷ್ಟು ದಿನಕ್ಕೊಮ್ಮೆ ಅಳೆಯಬೇಕು? ಪ್ರತಿ ಸೋಮವಾರ ಹನ್ನೊಂದು ಗಂಟೆಗೆ ಎನ್ನುವುದು ಶಾಲೆಯ ವೇಳಾಪಟ್ಟಿಗೆ ಒಪ್ಪುತ್ತದೆ, ನದಿಗೆ ಒಪ್ಪುವುದಿಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಏಳು ದಿನಕ್ಕೆ ಆರು ತಾಸಿನ ಹತ್ತಿರ. ಕಳೆದ ಸೋಮವಾರ ಭರತವಿದ್ದ ಹೊತ್ತಿಗೆ ಈ ಸೋಮವಾರ ಇಳಿತ. ಉಪ್ಪು ಏರಿಳಿದದ್ದು ಋತುವಿನಿಂದಲೋ ಉಬ್ಬರದಿಂದಲೋ ತಿಳಿಯದೆ ಇಡೀ ವರ್ಷದ ಶ್ರಮ ನೀರುಪಾಲು. ಬದಲಿಗೆ ಪ್ರತಿ ಹುಣ್ಣಿಮೆ, ಅಮಾವಾಸ್ಯೆಯಂದು ಒಂದೇ ಗಂಟೆಗೆ ಅಳೆದರೆ ಉಬ್ಬರ ಹೆಚ್ಚುಕಡಿಮೆ ಅದೇ ಹಂತದಲ್ಲಿರುತ್ತದೆ. ಗೋಡೆಯ ಪಂಚಾಂಗ ಸಾಕು. ಮೀನುಗಾರರ ಮನೆಯ ಮಕ್ಕಳಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಯೂ ಇಲ್ಲ. ದೋಣಿ ಯಾವಾಗ ಇಳಿಸಬೇಕೆಂದು ಅಪ್ಪ ನೋಡುವ ಲೆಕ್ಕವೇ ಅದು. ಸಂಶೋಧಕರು ಇಲ್ಲಿ ಸುಮ್ಮನೆ ಕೂತು ಮಕ್ಕಳಿಂದ ಕೇಳಿಸಿಕೊಳ್ಳಬೇಕು.

ಹಿರಿಯರ ಬಳಿಯೂ ಹೋಗಬೇಕು. ಬಳಚು ಎಂಬ ಚಿಪ್ಪುಜೀವಿಯನ್ನು ಆರಿಸುವ ಹೆಂಗಸರಿಗೆ ಯಾವ ತಿಂಗಳು ಎಲ್ಲಿ ಬಳಚು ಸಿಗುತ್ತದೆ ಎಂದು ಗೊತ್ತು. ನದಿಯಂಚಿಗೆ ಒಡ್ಡು ಕಟ್ಟಿದ ಗಜನಿ ಗದ್ದೆಯವರಿಗೆ ಅದು ಒಡೆದರೆ ಉಪ್ಪುನೀರು ಎಲ್ಲಿವರೆಗೆ ನುಗ್ಗುತ್ತದೆ ಎಂದು ಗೊತ್ತು. ಯಾರ ಬಾವಿ ಯಾವ ತಿಂಗಳು ಸವುಳಾಗುತ್ತದೆ ಎನ್ನುವುದನ್ನೂ ನೋಟ್‌ಬುಕ್ಕಿನ ಒಂದು ಕಾಲಂನಲ್ಲಿ ಬರೆಸಿ. ಉಪಕರಣದ ಅಂಕಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದಾಗಲೇ ಸ್ವಾರಸ್ಯ.

ಕ್ಷೇತ್ರ ಶಿಕ್ಷಣಾಧಿಕಾರಿಗಳ ಒಪ್ಪಿಗೆ, ಶಾಲಾಭಿವೃದ್ಧಿ ಸಮಿತಿಗೆ (ಎಸ್‌ಡಿಎಂಸಿ) ಮುಂಚಿತ ಮಾಹಿತಿ, ಪಾಲಕರ ಸಹಿ ಇವು ತಪ್ಪಬಾರದು. ನೀರು ತೆಗೆಯುವವರು ದೊಡ್ಡವರೇ ಇರಲಿ. ಧಕ್ಕೆಯಿಂದಲೋ ದೋಣಿಯಿಂದಲೋ ಹಗ್ಗ ಕಟ್ಟಿದ ಬಕೆಟ್ ಇಳಿಸಿದರಾಯಿತು, ಮಕ್ಕಳು ನೀರಿಗಿಳಿಯಬೇಕಾಗಿಲ್ಲ. ಉಪ್ಪುನೀರು ಭಾರವಾದ್ದರಿಂದ ಅಡಿಯಲ್ಲಿ ಹರಿಯುತ್ತದೆ, ಹಾಗಾಗಿ ಪ್ರತಿಸಲ ಒಂದೇ ಆಳದ ನೀರು ತೆಗೆಯಬೇಕು. ಜೀವಿಗಳನ್ನು ಹಿಡಿದು ತರುವುದು ಬೇಡ. ಸಮುದ್ರಸೌತೆ, ಹವಳದಂಥವು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಅಕ್ಟೋಬರಿನಲ್ಲಿ ಶುರು ಮಾಡಿ ಏಪ್ರಿಲ್‌ವರೆಗೆ ನಡೆಸಿದರೆ ಹದಿನಾಲ್ಕರಷ್ಟು ಅಳತೆಗಳಾಗುತ್ತವೆ. ಸಂಶೋಧಕರು ಮೊದಲು ಎರಡು ಸಲ, ನಡುವೆ ಜನವರಿಯಲ್ಲೊಮ್ಮೆ ಬಂದು, ವಿಭಾಗದ ಸಲಿನಿಟಿ ಮೀಟರಿನ ಪಕ್ಕದಲ್ಲಿ ಮಕ್ಕಳ ಸೀಸೆಯನ್ನು ತೇಲಿಸಿ ವ್ಯತ್ಯಾಸವನ್ನು ಬರೆದಿಡಬೇಕು. ಉಳಿದ ದಿನಗಳಲ್ಲಿ ಸೀಸೆ, ಗುರುತಿನ ಉಪ್ಪುನೀರು, ನೋಟ್‌ಬುಕ್ ವಿಜ್ಞಾನದ ಅಕ್ಕೋರ ಕಪಾಟಿನಲ್ಲಿರಲಿ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ 10ರಿಂದ 17 ವರ್ಷದ ಮಕ್ಕಳು ಯೋಜನೆ ಕಳಿಸಬಹುದು. ಆ ವರ್ಷದ ವಿಷಯಕ್ಕೆ ಹೊಂದಿದರೆ ಎರಡೂ ಶಾಲೆಯವರು ಇದನ್ನೇ ಬರೆದು ಕಳಿಸಲಿ, ಅಳೆದವರ ಹೆಸರಿನಲ್ಲೇ.